14 ತಿಂಗಳು ಅರಿಶಿನದ ಕ್ಯಾಪ್ಸೂಲ್ ತಗೊಂಡೆ, ಈಗ ನಿಲ್ಲಿಸಿದ್ದೇನೆ (2 ಸ್ಟಾರ್)

ಮಂಡಿ ನೋವಿಗೆ ಅಂತ ಶುರು ಮಾಡಿದ್ದು, ದಿನಕ್ಕೆ ಎರಡು. ಎರಡನೇ ತಿಂಗಳಿಗೆ ಮೆಟ್ಟಿಲು ಹತ್ತುವಾಗ ನೋವು ಕಡಿಮೆಯಾಗಿತ್ತು. ಎರಡು ಸ್ಟಾರ್ ಅದಕ್ಕೇ.

13ನೇ ತಿಂಗಳಲ್ಲಿ ಸುಸ್ತು, ಮೈ ತುರಿಕೆ, ಊಟ ಸೇರುತ್ತಿರಲಿಲ್ಲ. ಮೂತ್ರ ಕಡು ಟೀ ಬಣ್ಣಕ್ಕೆ ತಿರುಗಿತ್ತು, ಕ್ಯಾಪ್ಸೂಲಿನ ಬಣ್ಣವೇ ಇರಬೇಕು ಅಂದುಕೊಂಡು ಇನ್ನೂ ಕೆಲವು ವಾರ ಸುಮ್ನೆ ನುಂಗುತ್ತಲೇ ಇದ್ದೆ. ಹಾಗೆ ಮಾಡಬಾರದಿತ್ತು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಲಿವರ್‌ಗೆ ಏಟಾದರೆ ಏರುವ, 40ರ ಆಸುಪಾಸು ದಾಟಬಾರದ ಎಸ್‌ಜಿಪಿಟಿ 412 ಇತ್ತು. ಯಾವ ಮಾತ್ರೆ ತಗೋತೀರಿ ಅಂತ ಡಾಕ್ಟರ್ ಕೇಳಿದಾಗ ಏನೂ ಇಲ್ಲ ಅಂದೆ. ಇದನ್ನು ಮಾತ್ರೆ ಅಂತ ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಕಾಮಾಲೆ ವೈರಸ್ ಪರೀಕ್ಷೆಗಳೆಲ್ಲ ನೆಗೆಟಿವ್ ಬಂದಮೇಲೆ ಅವರು ಮತ್ತೆ ಕೇಳಿದರು, ಆಗ ಡಬ್ಬಿ ತೋರಿಸಿದೆ. ಅವತ್ತೇ ನಿಲ್ಲಿಸಿದೆ. ಎರಡು ತಿಂಗಳಿಗೆ 36ಕ್ಕೆ ಇಳಿಯಿತು.

ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿದ್ದು ಆಮೇಲೆ. ಅರಿಶಿನದ ಮುಖ್ಯ ಸತ್ವವಾದ ಕರ್ಕ್ಯುಮಿನ್ 95%, ಜೊತೆಗೆ ಕಾಳುಮೆಣಸಿನ ಸಾರ. ಸಾದಾ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3%, ಅದರಲ್ಲೂ ರಕ್ತಕ್ಕೆ ಸೇರುವುದು ತೀರಾ ಕಮ್ಮಿ. ಮೆಣಸಿನ ಪೈಪರಿನ್ ಬೆರೆತರೆ ಅದು ಹಲವು ಪಟ್ಟು ಜಾಸ್ತಿ ಸೇರುತ್ತದೆ, ಬೇರೆ ಕೆಲವು ಔಷಧಿಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಹುದು. ಅಡುಗೆಮನೆಯ ಅರಿಶಿನವೇ ಅಲ್ವಾ ಅನ್ನುವ ಧೈರ್ಯಕ್ಕೆ ಇಲ್ಲಿ ಅರ್ಥವಿಲ್ಲ. ಲಿವರ್‌ಗೆ ಏಟು ಬಿದ್ದ ಪ್ರಕರಣಗಳನ್ನು ನೋಡಿ ಇಟಲಿ ಇಂಥ ಡಬ್ಬಿಗಳ ಮೇಲೆ ಎಚ್ಚರಿಕೆ ಹಾಕಲೇಬೇಕು ಅಂತ 2022ರಲ್ಲಿ ಹೇಳಿದೆ. ನನ್ನ ಡಬ್ಬಿಯ ಮೇಲೆ ಇದ್ದದ್ದು 'ನೂರಕ್ಕೆ ನೂರು ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ'.

ಈ ಬ್ಯಾಚಿನ ಲ್ಯಾಬ್ ರಿಪೋರ್ಟ್ ಕೊಡಿ, ಸೀಸ ಇದೆಯಾ ನೋಡಿದ್ದೀರಾ ಅಂತ ಕಂಪನಿಗೆ ಮೂರು ಸಲ ಬರೆದೆ. ಬಂದದ್ದು ಕಾರ್ಖಾನೆಯ ಸರ್ಟಿಫಿಕೇಟ್ ಮಾತ್ರ. ಒಳಗೆ ಏನಿದೆ ಅನ್ನುವುದು ಅದರಿಂದ ಹೇಗೆ ಗೊತ್ತಾಗಬೇಕು?

ಔಷಧಿಗೆ ಇರುವ ಕಟ್ಟುನಿಟ್ಟು ಸಪ್ಲಿಮೆಂಟ್‌ಗೂ ಇರುತ್ತದೆ ಅಂತ ನಂಬಿದ್ದೆ. ಅಮೆರಿಕದಲ್ಲೇ 1994ರ ಕಾನೂನಿನ ಪ್ರಕಾರ ಸಪ್ಲಿಮೆಂಟ್ ಮಾರುವ ಮೊದಲು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಬೇಕಿಲ್ಲ. ಅಪಾಯ ಇದೆ ಅಂತ ತೋರಿಸುವ ಹೊಣೆ ಎಫ್‌ಡಿಎ ಮೇಲೆಯೇ ಬೀಳುತ್ತದೆ. ಹೃದಯಕ್ಕೆ ಹೊಡೆತ ಕೊಡುತ್ತಿದ್ದ ಎಫೆಡ್ರಾ ಅನ್ನುವ ಗಿಡಮೂಲಿಕೆ ಸಪ್ಲಿಮೆಂಟ್ ಅಲ್ಲಿ ನಿಷೇಧವಾಗಿದ್ದು 2004ರಲ್ಲಿ, ಅಷ್ಟರಲ್ಲಿ ಜನ ಸತ್ತಿದ್ದರು. ಅಂದರೆ ತೊಂದರೆ ಆದವರು ಹೇಳಿದರಷ್ಟೇ ವಿಷಯ ಹೊರಗೆ ಬರುತ್ತದೆ. ಬ್ಯಾಚ್ ನಂಬರಿನ ಫೋಟೋ, ರಕ್ತದ ರಿಪೋರ್ಟ್ ಎರಡನ್ನೂ ಇಟ್ಟು ನಾನು ದೂರು ಕೊಟ್ಟಿದ್ದೇನೆ. ನಿಮಗೂ ಹೀಗಾಗಿದ್ದರೆ ಡಬ್ಬಿ ಬಿಸಾಡಬೇಡಿ, ಡಾಕ್ಟರ್ ಹತ್ತಿರ ತಗೊಂಡು ಹೋಗಿ.