ಫ್ಲೈಟ್ ದೂರ-ಟೈಮ್ ತೋರ್ಸೋ ಆ್ಯಪ್: ದೂರ ಓಕೆ, ಟೈಮ್ ಅಷ್ಟಕ್ಕಷ್ಟೇ

ಬೆಂಗ್ಳೂರಿಂದ ಸಿಂಗಾಪುರಕ್ಕೆ ಅಂತ ಹಾಕಿದ್ರೆ ಸುಮಾರು 3,180 ಕಿ.ಮೀ. ಅನ್ನುತ್ತೆ, ಅದು ಸರಿನೇ, ಆದ್ರೆ ಟೈಮ್ ಮೂರೂಮುಕ್ಕಾಲು ಗಂಟೆ ಅಂತೆ, ಬರೀ ದೂರನ ಸ್ಪೀಡಿಂದ ಭಾಗಿಸಿದ ಲೆಕ್ಕ ಅದು, ರನ್‌ವೇಗೆ ಹೋಗೋದು, ಮೇಲೇರೋದು, ಇಳಿಯೋಕೆ ಸುತ್ತು ಹಾಕೋದು ಯಾವ್ದೂ ಸೇರ್ಸಿಲ್ಲ. ಟಿಕೆಟಲ್ಲಿ ನಾಲ್ಕೂವರೆ ಗಂಟೆ ಹತ್ರ ಇರುತ್ತೆ. ಅಲ್ಲಿ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಅದನ್ನ ಮಾತ್ರ ಚೆನ್ನಾಗಿ ತೋರ್ಸುತ್ತೆ, ರಾತ್ರಿ 11ಕ್ಕೆ ಹೊರಟ್ರೆ ಅಲ್ಲಿನ ಬೆಳಗ್ಗೆ 6ಕ್ಕೆ ಇಳಿಯೋದು ಅಂತ ನಮ್ಮಮ್ಮಂಗೂ ಅರ್ಥ ಆಯ್ತು. ತುಮಕೂರಿನವ್ರು ದಾಬಸ್‌ಪೇಟೆ, ದೊಡ್ಡಬಳ್ಳಾಪುರ ದಾಟಿ ದೇವನಹಳ್ಳಿ ಸೇರೋ ಟೈಮು, ಅಲ್ಲಿ 3 ಗಂಟೆ ಮುಂಚೆನೇ ಇರ್ಬೇಕಾದ್ದು ಎಲ್ಲಾ ನಾವೇ ಕೂಡ್ಕೋಬೇಕು. ಫ್ರೀ ಏನೋ ಸರಿ, ಆ್ಯಡ್ ಕಾಟ ಮಾತ್ರ ಸಿಕ್ಕಾಪಟ್ಟೆ. 3 ಸ್ಟಾರ್.