ಮಾಯಾ ಅವಶೇಷಗಳ ಪ್ರವಾಸ: ಪ್ಯಾಕೇಜಿನಲ್ಲಿ ಯಾವ ತಾಣಗಳನ್ನು ಕೇಳಿ ಸೇರಿಸಿಕೊಳ್ಳಬೇಕು?

ದಾವಣಗೆರೆಯ ಪ್ರವಾಸ ಸಂಸ್ಥೆಯೊಂದರ ಮೂಲಕ ಚಿತ್ರದುರ್ಗದ ನಾವು ಕೆಲವು ಕುಟುಂಬದವರು ಕಳೆದ ಚಳಿಗಾಲದಲ್ಲಿ ಮೆಕ್ಸಿಕೋಗೆ ಹೋಗಿ ಬಂದೆವು. ಟಿಕೆಟ್, ವಾಸ್ತವ್ಯ, ಕಾಗದಪತ್ರಗಳ ವಿಷಯದಲ್ಲಿ ಸಂಸ್ಥೆಯವರ ಕೆಲಸ ಅಚ್ಚುಕಟ್ಟಾಗಿತ್ತು. ಅಮೆರಿಕದ ವೀಸಾ ಚಾಲ್ತಿಯಲ್ಲಿರುವ ಭಾರತೀಯರು ಪ್ರವಾಸಕ್ಕಾಗಿ ಮೆಕ್ಸಿಕೋದ ವೀಸಾವನ್ನು ಬೇರೆಯಾಗಿ ಪಡೆಯಬೇಕಿಲ್ಲ ಎಂಬುದನ್ನು ಮೊದಲೇ ತಿಳಿಸಿ ಅವರು ನಮ್ಮ ಖರ್ಚನ್ನೂ ಅಲೆದಾಟವನ್ನೂ ಉಳಿಸಿದರು. ಕೊರತೆ ಇದ್ದದ್ದು ತಾಣಗಳ ಆಯ್ಕೆಯಲ್ಲಿ. ಮೆಕ್ಸಿಕೋ, ಗ್ವಾಟೆಮಾಲಾ ಭಾಗದ ಪ್ರಾಚೀನ ಮಾಯಾ ಜನರು ಕಟ್ಟಿದ ನಗರಗಳ ಪೈಕಿ ಸಂಸ್ಥೆಯ ಮೂಲ ಪಟ್ಟಿಯಲ್ಲಿ ಚಿಚೆನ್ ಇಟ್ಜಾ ಮತ್ತು ತುಲುಮ್ ಎರಡೇ ಇದ್ದವು. ಕಾನ್‌ಕುನ್‌ನಿಂದ ಬೆಳಿಗ್ಗೆ ಹೊರಟು ಸಂಜೆಗೆ ಹೋಟೆಲಿಗೆ ಮರಳಬಹುದು ಎಂಬುದೇ ಅವುಗಳನ್ನು ಆರಿಸಿದ್ದಕ್ಕೆ ಕಾರಣವಾಗಿತ್ತು. ನಾವು ಪಟ್ಟು ಹಿಡಿದು ಉಷ್ಮಾಲ್ ಮತ್ತು ಪಲೆಂಕೆಯನ್ನು ಸೇರಿಸಿಕೊಂಡೆವು. ಹಣ ಸ್ವಲ್ಪ ಹೆಚ್ಚಾಯಿತು, ಆದರೆ ಇಡೀ ಪ್ರವಾಸದ ಸಾರ್ಥಕತೆ ಇದ್ದದ್ದು ಆ ಎರಡು ಊರುಗಳಲ್ಲಿಯೇ.

ಚಿಚೆನ್ ಇಟ್ಜಾವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಸುಮಾರು 30 ಮೀಟರ್ ಎತ್ತರದ ಕುಕುಲ್ಕಾನ್ ಪಿರಮಿಡ್ಡಿನ ನಾಲ್ಕೂ ಬದಿಗೆ 91 ಮೆಟ್ಟಿಲುಗಳಿದ್ದು, ಮೇಲಿನ ಒಂದು ಮೆಟ್ಟಿಲನ್ನು ಕೂಡಿಸಿದರೆ ವರ್ಷದ ದಿನಗಳಷ್ಟು, ಅಂದರೆ 365 ಆಗುತ್ತವೆ. 168 ಮೀಟರ್ ಉದ್ದದ ಚೆಂಡಾಟದ ಅಂಗಳದಲ್ಲಿ ನಿಂತಾಗ ಆ ಸಮಾಜದ ಸಂಪತ್ತು ಎಂಥದ್ದೆಂದು ತಾನಾಗಿಯೇ ಮನಸ್ಸಿಗೆ ಬರುತ್ತದೆ. ಆದರೆ ಪಿರಮಿಡ್ಡನ್ನು ಹತ್ತಲು ಈಗ ಅವಕಾಶವಿಲ್ಲ, ಮತ್ತು ಕಾನ್‌ಕುನ್‌ನ ಬಸ್ಸುಗಳೆಲ್ಲ ಬಂದು ಸೇರುವ ಹೊತ್ತಿಗೆ ಬಿಸಿಲೂ ಜನಜಂಗುಳಿಯೂ ನೋಟಕ್ಕೆ ಅಡ್ಡವಾಗುತ್ತವೆ. ಹಿಂದಿನ ರಾತ್ರಿ ಹತ್ತಿರದ ವಯಾದೊಲಿದ್ ಊರಿನಲ್ಲಿ ತಂಗಿ, ಬೆಳಿಗ್ಗೆ 8 ಗಂಟೆಗೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗುವಂತೆ ಸಂಸ್ಥೆಯವರನ್ನು ಕೇಳಿಕೊಳ್ಳಿ. ತುಲುಮ್‌ನಲ್ಲಿ ಸಮುದ್ರದ ಅಂಚಿನ ನೋಟ ಚೆನ್ನಾಗಿದೆ. ಕಟ್ಟಡಗಳು ಚಿಕ್ಕವು, ಅರ್ಧ ದಿನ ಸಾಕು.

ಉಷ್ಮಾಲ್ ಮೆರಿಡಾ ನಗರದಿಂದ ಒಂದು ಗಂಟೆಗಿಂತ ತುಸು ಹೆಚ್ಚಿನ ದಾರಿ. ಈ ತಾಣಗಳಿರುವ ಯುಕಟಾನ್ ಪರ್ಯಾಯ ದ್ವೀಪದ ಉತ್ತರ ಭಾಗದಲ್ಲಿ ಸುಣ್ಣಕಲ್ಲಿನ ನೆಲ ಕುಸಿದು ಸೆನೋಟೆ ಎಂಬ ಸಹಜ ಬಾವಿಗಳು ಉಂಟಾಗಿವೆ, ಚಿಚೆನ್ ಇಟ್ಜಾ ಬೆಳೆದದ್ದು ಅವುಗಳ ನೀರಿನಿಂದ. ಉಷ್ಮಾಲ್ ಇರುವ ಪೂಕ್ ಗುಡ್ಡಗಳಲ್ಲಿ ನದಿಯಿಲ್ಲ, ಅಂತರ್ಜಲ ಬಹಳ ಆಳದಲ್ಲಿದೆ. ಆದ್ದರಿಂದ ಅಲ್ಲಿಯವರು ಅಂಗಳಕ್ಕೆ ಇಳಿಜಾರಾಗಿ ಕಲ್ಲು ಹಾಸಿ, ಗಾರೆ ಮೆತ್ತಿದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ ಚುಲ್ತೂನ್ ಎಂಬ ನೆಲಗುಳಿಗಳಲ್ಲಿ ಮಳೆನೀರನ್ನು ತುಂಬಿಟ್ಟುಕೊಂಡರು. ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿಯರ ಹೊಂಡಗಳಲ್ಲಿ ಹಿಡಿದಿಟ್ಟ ನಮ್ಮ ಕೋಟೆಯ ಜನರಿಗೆ ಈ ಲೆಕ್ಕ ವಿವರಿಸದೆಯೇ ಅರ್ಥವಾಗುತ್ತದೆ. ಮಳೆಯ ದೇವರಾದ ಚಾಕ್‌ನ ಮುಖವಾಡಗಳು ಅಲ್ಲಿನ ಗೋಡೆಗಳ ತುಂಬ ಏಕಿವೆ ಎಂಬುದಕ್ಕೂ ಇದೇ ಉತ್ತರ. ಒಂದು ಮುಖವಾಡದ ಹತ್ತಿರ ಹೋಗಿ ನೋಡಿ: ಹುಬ್ಬು, ಕಣ್ಣು, ಹಲ್ಲು, ಮುಂದಕ್ಕೆ ಚಾಚಿ ಬಾಗಿದ ಮೂಗು, ಎಲ್ಲವನ್ನೂ ಬಿಡಿಬಿಡಿಯಾಗಿ ಕಡೆದು ತಂದು ಗೋಡೆಯಲ್ಲಿ ಜೋಡಿಸಲಾಗಿದೆ, ಉದುರಿದ ಮೂಗುಗಳ ಜಾಗದಲ್ಲಿ ಉಳಿದಿರುವ ಗುರುತು ಆ ಜೋಡಣೆಯ ಕ್ರಮವನ್ನು ತೋರಿಸುತ್ತದೆ. ರಾಜ್ಯಪಾಲರ ಅರಮನೆ ಎಂದು ಕರೆಯುವ ಕಟ್ಟಡದ ಮೇಲ್ಭಾಗದ ಉದ್ದಕ್ಕೂ ಹೀಗೆ ಸಾವಿರಾರು ಕಲ್ಲುಗಳು ಕೂಡಿವೆ. ಸಂಸ್ಥೆಯ ಮಾರ್ಗದರ್ಶಕರು ಇಲ್ಲಿ ನಮ್ಮನ್ನು ಅವಸರಪಡಿಸಲಿಲ್ಲ, ಅದಕ್ಕಾಗಿ ಅವರಿಗೆ ಕೃತಜ್ಞತೆ ಸಲ್ಲಬೇಕು.

ಚಿಯಾಪಾಸ್ ರಾಜ್ಯದ ಪಲೆಂಕೆ ದೂರವಾಗುತ್ತದೆ, ಆದರೂ ಹೋಗಲೇಬೇಕು. 615ರಿಂದ 683ರವರೆಗೆ ಆಳಿದ ಪಕಾಲ್ ಅರಸನ ಸಮಾಧಿ ಅಲ್ಲಿನ ಶಾಸನಗಳ ದೇವಾಲಯದ ಅಡಿಯಲ್ಲಿದೆ. ನೆಲದ ಹಾಸುಗಲ್ಲೊಂದರಲ್ಲಿ ಬೆಣೆ ಹಾಕಿ ಮುಚ್ಚಿದ್ದ ರಂಧ್ರಗಳನ್ನು ಗಮನಿಸಿದ ಅಲ್ಬರ್ಟೊ ರೂಸ್ ಎಂಬ ಪುರಾತತ್ವಜ್ಞರು ಅದನ್ನು ಎತ್ತಿಸಿ, ಕಲ್ಲುಮಣ್ಣು ತುಂಬಿದ್ದ ಮೆಟ್ಟಿಲುಗಳನ್ನು ವರ್ಷಗಟ್ಟಲೆ ತೆರವುಗೊಳಿಸಿ, 1952ರಲ್ಲಿ ಆ ಕೋಣೆಯನ್ನು ತಲುಪಿದರು. ಸಮಾಧಿಗೆ ಸಾಮಾನ್ಯ ಪ್ರವಾಸಿಗರನ್ನು ಬಿಡುವುದಿಲ್ಲ. ಅದರ ಪ್ರತಿಕೃತಿ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿದೆ, ಅದಕ್ಕೆ ಸಮಯ ಇಟ್ಟುಕೊಳ್ಳಿ. 2023ರ ಡಿಸೆಂಬರಿನಲ್ಲಿ ಆರಂಭವಾದ ಮಾಯಾ ರೈಲು ಪಲೆಂಕೆಯನ್ನು ಮೆರಿಡಾ, ಕಾನ್‌ಕುನ್‌ಗಳಿಗೆ ಜೋಡಿಸುವುದರಿಂದ ಇಡೀ ದಿನ ಬಸ್ಸಿನಲ್ಲೇ ಕೂರಬೇಕಾಗಿಲ್ಲ.

ಟಿಕಾಲ್ ಬಗ್ಗೆ ಅನೇಕರು ಕೇಳುತ್ತಾರೆ. ಅದು ಗ್ವಾಟೆಮಾಲಾದಲ್ಲಿದೆ, ಗಡಿ ದಾಟಬೇಕು. ಕಾಡಿನ ಮೇಲೆ ತಲೆಯೆತ್ತಿದ, 60 ಮೀಟರಿಗೂ ಎತ್ತರದ ನಾಲ್ಕನೆಯ ದೇವಾಲಯವನ್ನು ನೋಡುವ ಆಸೆಯಿದ್ದವರು ಫ್ಲೋರೆಸ್ ಊರಿನಲ್ಲಿ ಕನಿಷ್ಠ ಎರಡು ರಾತ್ರಿ ತಂಗುವಂತಿದ್ದರೆ ಮಾತ್ರ ಅದನ್ನು ಸೇರಿಸಿಕೊಳ್ಳಲಿ.

ಊಟದ ವ್ಯವಸ್ಥೆಯಲ್ಲಿ ಸಂಸ್ಥೆ ಇನ್ನೂ ಕಲಿಯಬೇಕಾದದ್ದಿದೆ. ಜೋಳದ ರೊಟ್ಟಿಗೆ ಒಗ್ಗಿದ ನಮಗೆ ಅಲ್ಲಿನ ಮೆಕ್ಕೆಜೋಳದ ತೊರ್ತಿಯಾ ಹಿಡಿಸಿತು, ಆದರೆ ಅದರೊಂದಿಗೆ ಬಡಿಸುವ ಅರೆದ ಕಾಳಿನ ಪಲ್ಯಕ್ಕೆ ಅನೇಕ ಕಡೆ ಹಂದಿಯ ಕೊಬ್ಬು ಹಾಕುತ್ತಾರೆ. ಸಸ್ಯಾಹಾರಿಗಳಿರುವ ತಂಡಕ್ಕೆ ಇದನ್ನು ಹೊರಡುವ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಚಿಚೆನ್ ಇಟ್ಜಾದಲ್ಲಿ ಕೇಂದ್ರ ಸರ್ಕಾರಕ್ಕೊಂದು, ರಾಜ್ಯ ಸರ್ಕಾರಕ್ಕೊಂದು ಎಂದು ಎರಡು ಪ್ರವೇಶ ಶುಲ್ಕಗಳಿವೆ. ಪ್ಯಾಕೇಜಿನ ಮೊತ್ತದಲ್ಲಿ ಎರಡೂ ಸೇರಿವೆಯೇ ಎಂಬುದನ್ನು ಮುಂಗಡ ಕಟ್ಟುವ ಮೊದಲು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಮೇ ತಿಂಗಳ ಶಾಲಾ ರಜೆಗೆ ಹೊಂದುತ್ತದೆಂದು ಸಂಸ್ಥೆಯವರು ಹೇಳಿದರೂ ಒಪ್ಪಬೇಡಿ. ಆಗ ಅಲ್ಲಿ ಬಿಸಿಲು ಅತಿಯಾಗಿರುತ್ತದೆ, ನಂತರ ಮಳೆ ಹಿಡಿಯುತ್ತದೆ; ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ದಿನಗಳನ್ನೇ ಕೇಳಿ.