ಬೊಕಾ ಮ್ಯಾಚ್‌ಗೆ ದಲ್ಲಾಳಿ ಕೈಯಲ್ಲಿ ಟಿಕೆಟ್ ತಗೋಬೇಡಿ

ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಹೋಗುವ ಯೋಚನೆ ಇರುವವರು, ಅದರಲ್ಲೂ ಮರಡೋನಾ ಅಂದರೆ ಪ್ರಾಣ ಬಿಡುವವರು ಇದನ್ನು ಓದಿ. ಮರಡೋನಾ ಆಡಿದ್ದ ಫುಟ್‌ಬಾಲ್ ಕ್ಲಬ್ ಬೊಕಾ ಜೂನಿಯರ್ಸ್‌ನ ಮ್ಯಾಚ್ ತೋರಿಸುತ್ತೇವೆ ಅಂತ ಹೋಟೆಲಿನಲ್ಲೋ ವಾಟ್ಸಾಪಿನಲ್ಲೋ ಯಾರಾದರೂ ಗಂಟು ಬಿದ್ದರೆ, ದುಡ್ಡು ತೆಗೆಯುವ ಮೊದಲು ಒಂದು ಮಾತು ಕೇಳಿ: ಟಿಕೆಟ್ ಯಾರ ಹೆಸರಿನಲ್ಲಿದೆ?

ಬೊಕಾದ ಲೀಗ್ ಮ್ಯಾಚ್‌ಗೆ ಹೊರಗಿನವರಿಗೆ ಕೌಂಟರಿನಲ್ಲಿ ಟಿಕೆಟ್ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಕ್ಲಬ್ಬಿಗೆ ಲಕ್ಷಗಟ್ಟಲೆ ಸದಸ್ಯರಿದ್ದಾರೆ. ಅವರ ಲಾ ಬೊಂಬೊನೇರಾ ಸ್ಟೇಡಿಯಂ ಹಿಡಿಸುವುದು ಐವತ್ತು ಸಾವಿರ ಚಿಲ್ಲರೆ ಜನರನ್ನು. 1940ರಲ್ಲಿ ಶುರುವಾದ ಸ್ಟೇಡಿಯಂ ಅದು. ಸುತ್ತ ಒತ್ತೊತ್ತಾಗಿ ಮನೆಗಳು. ಜಾಗ ಸಾಲದೆ ಒಂದು ಪಕ್ಕವನ್ನು ನೇರಕ್ಕೆ, ತೆಳ್ಳಗೆ ಎತ್ತಿದ್ದಾರೆ. ಸದಸ್ಯರಿಗೇ ಜಾಗ ಸಾಲುವುದಿಲ್ಲ, ಇನ್ನು ನಮಗೆಲ್ಲಿ? ಅದಕ್ಕೇ ದಲ್ಲಾಳಿಗಳು ಯಾರೋ ಸದಸ್ಯನ ಕಾರ್ಡನ್ನು ಆ ದಿನದ ಮಟ್ಟಿಗೆ ಬಾಡಿಗೆಗೆ ತಂದು ಪ್ರವಾಸಿಗರ ಕೈಗಿಡುತ್ತಾರೆ. ಇದನ್ನು ಮೊದಲೇ ಬಾಯಿ ಬಿಡುವುದಿಲ್ಲ. 'ಟಿಕೆಟ್' ಅಂತಲೇ ಹೇಳುತ್ತಾರೆ.

ನಾನು, ನನ್ನ ಚಿಕ್ಕಪ್ಪನ ಮಗ ಇಬ್ಬರೂ ಹೋಗಿದ್ದೆವು. ತಲೆಗೆ 200 ಡಾಲರ್, ನಗದು ಮಾತ್ರ. ಕೂರಲು ಸೀಟು, ವ್ಯಾನಿನಲ್ಲಿ ಕರೆದುಕೊಂಡು ಹೋಗಿ ವಾಪಸ್ ಬಿಡುವುದು, ಜೊತೆಗೆ ಗೈಡ್, ಎಲ್ಲ ಸೇರಿ ಅಂತ ಮಾತಾಗಿತ್ತು. ಸ್ಟೇಡಿಯಂಗೆ ಇನ್ನೂ ಸಾಕಷ್ಟು ದೂರವಿರುವಾಗಲೇ ವ್ಯಾನ್ ನಿಂತಿತು. ಗೈಡ್ ಒಂದು ಅಂಗಡಿಯ ಮುಚ್ಚಿದ ಷಟರ್ ಪಕ್ಕಕ್ಕೆ ಕರೆದು, ಜಾಕೆಟ್ ಒಳಗಿಂದ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳ ಕಟ್ಟು ತೆಗೆದ. ಇಸ್ಪೀಟ್ ಎಲೆ ಹಂಚಿದ ಹಾಗೆ ಹಂಚಿದ. ನನ್ನ ತಮ್ಮನಿಗೆ ಸಿಕ್ಕ ಕಾರ್ಡಿನಲ್ಲಿ ನರೆತ ಮೀಸೆಯ ಅಜ್ಜ ಒಬ್ಬರ ಫೋಟೋ. ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಎದ್ದು ಬಂದಿತ್ತು. ಇವನಿಗೆ ಇನ್ನೂ ಮೀಸೆಯೇ ಸರಿಯಾಗಿ ಬಂದಿಲ್ಲ! 'ಯಾರೂ ನೋಡಲ್ಲ, ಏನಾದರೂ ಕೇಳಿದರೆ ಸುಮ್ನೆ ತಲೆ ಆಡಿಸಿ' ಅಂದ ಗೈಡ್.

ಮೊದಲು ಪೊಲೀಸರ ತಪಾಸಣೆ. ಗಲಾಟೆ ಮಾಡಿ ನಿಷೇಧಕ್ಕೆ ಒಳಗಾದವರನ್ನು ಹಿಡಿಯಲು ಅಲ್ಲಿ ಗುರುತಿನ ದಾಖಲೆ ನೋಡುತ್ತಾರೆ. ಪಾಸ್‌ಪೋರ್ಟ್ ತೋರಿಸಿ ದಾಟಿದೆವು. ಆಮೇಲೆ ತಿರುಗುಗೇಟು. ನನ್ನ ಕಾರ್ಡ್‌ಗೆ ಹಸಿರು ದೀಪ ಹತ್ತಿತು, ಅವನದಕ್ಕೆ ಕೆಂಪು. ಗೇಟಿನವನು ಕಾರ್ಡ್ ಕಿತ್ತುಕೊಂಡು ಅವನನ್ನು ಹಿಂದಕ್ಕೆ ಕಳಿಸಿದ. ಹಿಂದಿನಿಂದ ನೂಕುತ್ತಿದ್ದವರ ಮಧ್ಯೆ ನನಗೆ ತಿರುಗಿ ನಿಲ್ಲಲೂ ಆಗಲಿಲ್ಲ. ಇಬ್ಬರೂ ಗೇಟಿನ ಆಚೆ ಈಚೆ. ಗೈಡ್ ಫೋನ್ ಸ್ವಿಚ್ ಆಫ್.

ಒಳಗೆ ಸೀಟೂ ಇಲ್ಲ, ಗೀಟೂ ಇಲ್ಲ. ನನ್ನದು ಗೋಲ್ ಹಿಂದಿನ ನಿಂತು ನೋಡುವ ಗ್ಯಾಲರಿ. ಸುಳ್ಳು ಹೇಳಬಾರದು, ಆ ಸದ್ದು, ಆ ಹಾಡು ಬೇರೆ ಎಲ್ಲೂ ಕೇಳಿಲ್ಲ. ಬೊಂಬೊನೇರಾ ನಡುಗುವುದಿಲ್ಲ, ಮಿಡಿಯುತ್ತದೆ ಅಂತ ಅಲ್ಲಿಯವರು ಹೇಳುತ್ತಾರೆ. ಎಲ್ಲರೂ ಒಟ್ಟಿಗೆ ಕುಣಿಯುವಾಗ ಕಾಂಕ್ರೀಟ್ ಕಾಲಡಿಯಲ್ಲಿ ನಿಜಕ್ಕೂ ಅದುರುತ್ತದೆ. ಆದರೆ ಗೋಲ್ ಬಿದ್ದ ಕೂಡಲೇ ಮೇಲಿನವರೆಲ್ಲ ಒಮ್ಮೆಲೇ ಕೆಳಕ್ಕೆ ನುಗ್ಗಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಸುಧಾರಿಸಿಕೊಂಡು ಪ್ಯಾಂಟಿನ ಮುಂದಿನ ಜೇಬು ಮುಟ್ಟಿ ನೋಡಿದರೆ ಫೋನ್ ಮಾಯ.

ಹೊರಗೆ ಹೋಗುವ ಮೆಟ್ಟಿಲುಗಳಲ್ಲಿ ಇನ್ನೂ ಭಯವಾಯಿತು. 1968ರಲ್ಲಿ ಇದೇ ಊರಿನ ಎದುರಾಳಿ ಕ್ಲಬ್ ರಿವರ್ ಪ್ಲೇಟ್ ಸ್ಟೇಡಿಯಂನಲ್ಲಿ, 12ನೇ ಗೇಟಿನ ಹತ್ತಿರ ನೂಕುನುಗ್ಗಲಿಗೆ ಸಿಕ್ಕಿ 71 ಜನ ಸತ್ತರು. ಬಹುಪಾಲು ಬೊಕಾ ಅಭಿಮಾನಿಗಳು. 2025ರ ಜೂನ್‌ನಲ್ಲಿ ನಮ್ಮ ಚಿನ್ನಸ್ವಾಮಿ ಹೊರಗೆ ಆಗಿದ್ದನ್ನು ಕಂಡವರಿಗೆ ಬೇರೆ ಹೇಳಬೇಕಾಗಿಲ್ಲ. ಜನ ಕರಗುವವರೆಗೂ ನಾನು ಗೋಡೆಗೆ ಒತ್ತಿ ನಿಂತಿದ್ದೆ.

ತಮ್ಮ ಸಿಕ್ಕಿದ್ದು ಗೇಟಿನ ಹತ್ತಿರ ಬ್ರೆಡ್ಡಿನಲ್ಲಿ ಸುಟ್ಟ ಸಾಸೇಜ್ ಇಟ್ಟು ಮಾರುವ ಚೋರಿಪಾನ್ ಗಾಡಿಯ ಪಕ್ಕ. ಗಾಡಿಯ ಹೆಂಗಸು ಅವನಿಗೆ ಒಂದು ಸ್ಟೂಲ್ ಕೊಟ್ಟು, ಎಲ್ಲೂ ಅಲೆಯಬೇಡ ಅಂತ ಸನ್ನೆ ಮಾಡಿ ಕೂರಿಸಿದ್ದರಂತೆ. ಪುಣ್ಯಾತ್ಗಿತ್ತಿ. ವ್ಯಾನ್ ಬರಲಿಲ್ಲ, ಟ್ಯಾಕ್ಸಿಗಳು ಆ ಕಡೆ ತಲೆ ಹಾಕುತ್ತಿರಲಿಲ್ಲ. ಕತ್ತಲಾದ ಮೇಲೆ ಸ್ಟೇಡಿಯಂ ಇರುವ ಲಾ ಬೊಕಾ ಬಡಾವಣೆಯ ಸಣ್ಣ ಬೀದಿಗಳಿಗೆ ಹೊಸಬರು ಹೋಗಬಾರದು. ಅಲ್ಮಿರಾಂತೆ ಬ್ರೌನ್ ಅವೆನ್ಯೂ ಹಿಡಿದು, ಸಂಸಾರಸ್ಥರ ಒಂದು ಗುಂಪಿನ ಬೆನ್ನ ಹಿಂದೆಯೇ ಲೆಸಾಮಾ ಪಾರ್ಕ್ ತನಕ ನಡೆದೆವು.

ಮರುದಿನ ದಲ್ಲಾಳಿ ಏನಂದ ಗೊತ್ತಾ? 'ಒಬ್ಬರು ಒಳಗೆ ಹೋದಿರಲ್ಲ, ಅರ್ಧ ಕೆಲಸ ಆಯ್ತು.' ರಸೀದಿ ಇಲ್ಲ, ಬ್ಯಾಂಕ್ ಕಾರ್ಡಿನಲ್ಲಿ ಕಟ್ಟಿದ ದುಡ್ಡೂ ಅಲ್ಲ. ಜಗಳ ಆಡಿ ಪ್ರಯೋಜನ ಇರಲಿಲ್ಲ.

ಇವರು ಹೇಳುವ ಇನ್ನೊಂದು ಮಾತು: 'ಎದುರು ತಂಡದ ಅಭಿಮಾನಿಗಳನ್ನು ಬಿಡುವುದೇ ಇಲ್ಲ, ಜಗಳದ ಮಾತೇ ಇಲ್ಲ.' 2013ರಲ್ಲಿ ಅಂಥ ನಿಯಮ ತಂದದ್ದು ನಿಜ. ಆದರೆ 2018ರಲ್ಲಿ ಬೊಕಾ-ರಿವರ್ ನಡುವಿನ ಲಿಬರ್ತಡೋರೆಸ್ (ದಕ್ಷಿಣ ಅಮೆರಿಕದ ಕ್ಲಬ್ಬುಗಳ ಕಪ್) ಫೈನಲ್‌ಗೂ ಬೊಕಾ ಅಭಿಮಾನಿಗಳಿಗೆ ರಿವರ್ ಸ್ಟೇಡಿಯಂ ಪ್ರವೇಶ ಇರಲಿಲ್ಲ. ಆದರೂ ಬೀದಿಯಲ್ಲೇ ಬೊಕಾ ಆಟಗಾರರ ಬಸ್ಸಿಗೆ ಕಲ್ಲು ಬಿತ್ತು, ಕೊನೆಗೆ ಮ್ಯಾಚನ್ನು ಮ್ಯಾಡ್ರಿಡ್‌ಗೆ ಒಯ್ದು ಆಡಿಸಿದರು.

ಬೊಂಬೊನೇರಾ ನೋಡಲೇಬೇಕು ಅಂದರೆ ಮ್ಯಾಚ್ ಇಲ್ಲದ ದಿನ ಹಗಲು ಹೋಗಿ. ಒಳಗೇ ಕ್ಲಬ್ಬಿನ ಮ್ಯೂಸಿಯಂ ಇದೆ. ಮ್ಯಾಚೇ ಬೇಕು ಅಂದರೆ ಚಿಕ್ಕ ಕ್ಲಬ್ಬುಗಳ ಕಡೆ ನೋಡಿ. ಮರಡೋನಾ 1976ರಲ್ಲಿ ಆಟ ಶುರು ಮಾಡಿದ್ದು ಬೊಕಾದಲ್ಲಿ ಅಲ್ಲ, ಅರ್ಜೆಂಟಿನೋಸ್ ಜೂನಿಯರ್ಸ್‌ನಲ್ಲಿ. ಅವರ ಸ್ಟೇಡಿಯಂಗೆ ಈಗ ಅವನದೇ ಹೆಸರು. (ಮೆಸ್ಸಿ ಬೊಕಾಗೆ ಆಡಿಯೇ ಇಲ್ಲ, ಆ ಆಸೆಯಿಂದ ಹೋಗುವವರೂ ಇದ್ದಾರೆ!) ಎಲ್ಲೇ ಆಗಲಿ, ಟಿಕೆಟನ್ನು ಕ್ಲಬ್ಬಿನಿಂದಲೇ, ನಿಮ್ಮ ಪಾಸ್‌ಪೋರ್ಟ್ ಹೆಸರಿಗೇ ತಗೊಳ್ಳಿ.

ಫೋನ್ ಕಳೆದರೆ ಅಲ್ಲಿಂದ ಹೊರಡುವ ಮೊದಲೇ ಪೊಲೀಸ್ ದೂರು ಬರೆಸಿ ಪ್ರತಿ ಇಟ್ಟುಕೊಳ್ಳಿ. ಆ ಕಾಗದ ಇಲ್ಲದೆ ಟ್ರಾವೆಲ್ ಇನ್ಶೂರೆನ್ಸ್‌ನವರು ನಿಮ್ಮ ಮಾತು ಕಿವಿಗೇ ಹಾಕಿಕೊಳ್ಳುವುದಿಲ್ಲ.